ಇ-ಮೇಲಿಗೊಬ್ಬ ಮಧ್ಯಸ್ಥ

"ಇನ್ಮೇಲೆ ಈ ಮನೆಗೆ ಒಂದು ಬೇಡದ ಮಾತೂ ಬರಲ್ಲ, ಒಂದು ಬೇಡದ ಮಾತೂ ಹೋಗಲ್ಲ!" ಎಂದು ಸುಬ್ಬನರಸಿಂಹಯ್ಯನವರು ತಿಂಡಿಡಬ್ಬಿಯಂಥ ಪೆಟ್ಟಿಗೆಯೊಂದನ್ನು ಇಂಟರ್‌ನೆಟ್ ತಂತಿಗೆ ಸಿಕ್ಕಿಸಿದರು.

ಹೆಂಡತಿ ವಿಶಾಲಾಕ್ಷಮ್ಮನವರು ಎರಡು ಹೆಜ್ಜೆ ಹಿಂದೆ ಸರಿದರು. ಟೆಲಿಫೋನ್ ಕೆಲಸದಿಂದ ನಿವೃತ್ತರಾದ ಮೇಲೆ ಗಂಡ ಕಂಡುಹಿಡಿದ ಯಾವ ಯಂತ್ರವೂ ಮನೆಗೆ ಒಳ್ಳೆಯದು ಮಾಡಿರಲಿಲ್ಲ. ಹಿಂದಿನ ಒಗ್ಗರಣೆ ಯಂತ್ರ ಹಾರಿಸಿದ ಸಾಸಿವೆ ಇನ್ನೂ ಫ್ಯಾನಿನ ರೆಕ್ಕೆಗೆ ಅಂಟಿಕೊಂಡಿತ್ತು!

"ಇದೇನ್ರೀ ಮಾಡತ್ತೆ?"

"ಇದು ಮಧ್ಯಸ್ಥ ಕಣೇ! ಪ್ರಪಂಚಕ್ಕೂ ನಮ್ಮ ಕಂಪ್ಯೂಟರಿಗೂ ನಡುವೆ ಕೂತಿರತ್ತೆ. ಬರೋದೂ ಹೋಗೋದೂ ಇದರ ಹೊಟ್ಟೇಲೇ ಹಾಯಬೇಕು. ಉಪಚಾರದ ಮಾತೆಲ್ಲ ಸೋಸಿ ತಿರುಳು ಮಾತ್ರ ಬಿಡತ್ತೆ!"

ಅಷ್ಟರಲ್ಲಿ ತಿಪಟೂರಿನ ಭಾವನ ಇ-ಮೇಲ್ ಬಂತು. ಕ್ಷೇಮಸಮಾಚಾರವನ್ನೇ ಪುಟಗಟ್ಟಲೆ ಬರೆಯುವ ಮನುಷ್ಯ ಅವರು. ಪರದೆಯ ಮೇಲೆ ಮೂಡಿದ್ದು ಒಂದೇ ಸಾಲು: 'ಭಾನುವಾರ ಐದು ಜನ ಊಟಕ್ಕೆ ಬರುತ್ತೇವೆ.'

ಪಂಚಾಂಗದ ಜಾಲತಾಣ ತೆರೆದರೆ ಪುಟವೆಲ್ಲ ಖಾಲಿ. ನಡುವೆ 'ಇಂದು ಮಂಗಳವಾರ' ಎಂದಷ್ಟೇ ಇತ್ತು. ವಿಶಾಲಾಕ್ಷಮ್ಮನವರಿಗೂ ನಗು ತಡೆಯಲಾಗಲಿಲ್ಲ.

ಮರುದಿನ ಆ ನಗು ಇಂಗಿಹೋಯಿತು. ಬಡಾವಣೆಯ ಸಂಗೀತ ಸಭೆಯ ಕಾರ್ಯದರ್ಶಿ ಶೇಷಗಿರಿರಾಯರಿಂದ ಇ-ಮೇಲ್ ಬಂದಿತ್ತು: 'ರಾಮನವಮಿಗೆ ಹಾಡುತ್ತೀರಾ?'

ಈ ಒಂದು ಮಾತಿಗಾಗಿ ವಿಶಾಲಾಕ್ಷಮ್ಮ ಎಷ್ಟು ವರ್ಷ ಕಾದಿದ್ದರು! ಪ್ರತಿ ರಾಮೋತ್ಸವದಲ್ಲೂ ಮುಂದಿನ ಚಾಪೆಯಲ್ಲಿ ಕೂತು, ಬೇರೆಯವರ ಹಾಡಿಗೆ ತೊಡೆ ತಟ್ಟಿ ತಾಳ ಹಾಕಿ ಬಂದದ್ದೇ ಬಂತು. ಆದರೆ ಕೇಳಿದ ತಕ್ಷಣ ಹೂಂ ಅನ್ನುವುದುಂಟೆ? ಮೊದಲು ಬೇಡ ಅನ್ನಬೇಕು, ಅವರು ಬಲವಂತ ಮಾಡಬೇಕು, ಆಮೇಲೆ ಒಪ್ಪಿಕೊಳ್ಳಬೇಕು. ಹಾಗೆಂದೇ ಬರೆದರು: 'ಅಯ್ಯೋ, ನಾನೆಲ್ಲಿ, ವೇದಿಕೆಯೆಲ್ಲಿ! ವಿದ್ವಾಂಸರ ಮುಂದೆ ನಾನೇನು ಹಾಡಿಯೇನು? ಆದರೂ ಹಿರಿಯರಾದ ತಾವು ಹೇಳಿದ ಮೇಲೆ...'

ಉತ್ತರ ಬಂತು: 'ಸರಿ, ಬಿಡಿ.'

ಗಾಬರಿಯಿಂದ ಗಂಡನನ್ನು ಕರೆದು ಪೆಟ್ಟಿಗೆಯನ್ನು ತಪಾಸಣೆ ಮಾಡಿಸಿದರು. ಅದು ರಾಯರಿಗೆ ಕಳಿಸಿದ್ದು ಇಷ್ಟೇ: 'ನನಗೆ ಹಾಡಲು ಬರುವುದಿಲ್ಲ.'

"ರೀ! ನನ್ನ ಬಾಯಿಗೆ ಮಣ್ಣು ಹಾಕ್ತಲ್ರೀ ನಿಮ್ಮ ಡಬ್ಬಿ!"

"ಬೇಡ ಅಂತ ಬರೆದೋಳು ನೀನೇ ಅಲ್ವೇನೇ?"

"ಮೊದಲ್ನೇ ಸಲ ಬೇಡ ಅಂದ್ರೆ ಇನ್ನೊಂದ್ಸಲ ಕೇಳಿ ಅಂತ ಕಣ್ರೀ!"

ಹೆಂಡತಿಯ ಕಣ್ಣಲ್ಲಿ ನೀರು ಕಂಡು ಸುಬ್ಬನರಸಿಂಹಯ್ಯನವರ ಜಂಭ ಇಳಿಯಿತು. ಫೋನ್ ಮಾಡಿ 'ಹಾಡಿಸಿ' ಎಂದು ಕೇಳಲು ಆಕೆಗೆ ಮಾನ ಅಡ್ಡ ಬರುತ್ತಿತ್ತು. ಗಂಡ ಪೆಟ್ಟಿಗೆಯ ಬದಿಯ ತಿರುಗಣೆಯನ್ನು ಉಲ್ಟಾ ತಿರುಗಿಸಿದರು. "ಈಗ ನೀನು ನೇರವಾಗಿ ಬರಿ. ಉಪಚಾರ ಅದೇ ಸೇರಿಸತ್ತೆ!"

ವಿಶಾಲಾಕ್ಷಮ್ಮ ನಾಚಿಕೆ ನುಂಗಿಕೊಂಡು 'ನಾನು ಹಾಡುತ್ತೇನೆ' ಎಂದು ಬರೆದರು. ಪೆಟ್ಟಿಗೆ ಮಿಕ್ಸಿಯ ಹಾಗೆ ಗುರುಗುಟ್ಟಿತು. ಉತ್ಸವಕ್ಕೆ ಮುಂಚೆಯೇ ಮೈಕಿನವರು, ಚಾಪೆ ಹಾಸಿದವರು, ಪಾನಕಕ್ಕೆ ಬೆಲ್ಲ ಕುಟ್ಟಿದವರು, ಎಲ್ಲರಿಗೂ ವಂದನೆ ಹೇಳಿ ಪುಟಗಟ್ಟಲೆ ಕಳಿಸಿಬಿಟ್ಟಿತು! 'ಹಾಡುತ್ತೇನೆ' ಎಂಬುದು ಅದರಲ್ಲೆಲ್ಲೋ ಮುಳುಗಿಹೋಗಿತ್ತು.

ರಾಯರ ಉತ್ತರವೂ ಪೆಟ್ಟಿಗೆಯಲ್ಲಿ ಉಬ್ಬಿಕೊಂಡೇ ಬಂತು. ಕೊನೆಗೆ ಹುಡುಕಿದರೆ ವಿಷಯ ಸಿಕ್ಕಿತು: 'ಇಷ್ಟು ಸೊಗಸಾಗಿ ಕೃತಜ್ಞತೆ ಹೇಳುವ ತಾವೇ ಈ ಸಲ ವಂದನಾರ್ಪಣೆ ಮಾಡಬೇಕು.'

ವಿಶಾಲಾಕ್ಷಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದವರೇ ಪೆಟ್ಟಿಗೆ ಬರೆದದ್ದನ್ನೆಲ್ಲ ಅಚ್ಚು ಹಾಕಿಸಿಕೊಂಡರು.

ರಾಮನವಮಿಯ ಕಛೇರಿ ಮುಗಿಯಿತು. ವಿಶಾಲಾಕ್ಷಮ್ಮ ಮೈಕಿನ ಮುಂದೆ ಕೂತು, ಪುಟ ಬಿಡಿಸಿ, ಕಲ್ಯಾಣಿ ರಾಗದ ಆಲಾಪನೆ ಎತ್ತಿಕೊಂಡರು! 'ಮೈಕಿನವರಿಗೆ ವಂದನೆ' ಪಲ್ಲವಿಯಾಯಿತು. ಪಿಟೀಲಿನವರು ಮುಚ್ಚಿದ್ದ ವಾದ್ಯದ ಪೆಟ್ಟಿಗೆ ಮತ್ತೆ ತೆಗೆದರು. 'ಚಾಪೆ ಹಾಸಿದವರಿಗೆ' ಎಂಬ ಸಾಲನ್ನೇ ಮತ್ತೆ ಮತ್ತೆ ಬೆಳೆಸಿ ನೆರವಲು ನಡೆಯಿತು. ಮೃದಂಗದವರು ಹುರುಪಿನಿಂದ ತನಿ ಆವರ್ತನ ನುಡಿಸಿದರು. ವಂದನಾರ್ಪಣೆ ಮುಗಿಯದೆ ಪಾನಕ, ಕೋಸಂಬರಿ ಹಂಚುವಂತಿರಲಿಲ್ಲವಾದ್ದರಿಂದ ಒಬ್ಬರೂ ಏಳಲಿಲ್ಲ. ಮುಗಿದಾಗ ಬಿದ್ದ ಚಪ್ಪಾಳೆ ಮಾತ್ರ ಪಾನಕಕ್ಕಾಗಿ ಬಿದ್ದದ್ದಲ್ಲ.

ಶೇಷಗಿರಿರಾಯರು ಬೆವರು ಒರೆಸಿಕೊಂಡು ಬಂದರು. "ಮುಂದಿನ ವರ್ಷ ತಾವು ಕಛೇರೀನೇ ಮಾಡ್ಬೇಕಮ್ಮ. ವಂದನಾರ್ಪಣೆ ಬೇರೆ ಯಾರಾದ್ರೂ ಮಾಡ್ಲಿ. ಹಾಡ್ತೀರಾ?"

'ಅಯ್ಯೋ, ನಾನೆಲ್ಲಿ' ಎನ್ನಲು ಬಾಯಿ ತೆರೆದ ವಿಶಾಲಾಕ್ಷಮ್ಮ ತಟ್ಟನೆ ತಡೆದುಕೊಂಡು ಕೇಳಿದರು:

"ಎಷ್ಟು ಗಂಟೆಗೆ?"