ಹದಿನೈದು ವ್ಯಾಟಿನ ಬಾಳೆಹಣ್ಣು

ಬಿಸಿಯಾಗಿರುವ ಯಾವುದನ್ನೂ ಸುಮ್ಮನೆ ಆರಲು ಬಿಡುವ ಅಭ್ಯಾಸ ನನಗಿಲ್ಲ. ಇದು ಗುಣವೋ ದೋಷವೋ ತಿಳಿಯದು, ಮದುವೆಯಾದಾಗಿನಿಂದ ಇದೆ. ರೊಟ್ಟಿ ಬೆಂದ ಮೇಲೆ ಒಲೆಯ ಕೆಂಡದೊಳಕ್ಕೆ ಗೆಣಸು ತೂರಿಸುತ್ತೇನೆ. ಗೆಣಸು ಬೆಂದ ಮೇಲೆ ಒಲೆಯ ಕಟ್ಟೆಯ ಕಾವಿಗೆ ತೇವ ಹಿಡಿದ ಬೆಂಕಿಪೊಟ್ಟಣ. ಸ್ನಾನದ ಹಂಡೆಯ ಮುಚ್ಚಳದ ಮೇಲೆ ಮೆತ್ತಗಾದ ಹಪ್ಪಳ. ನನ್ನ ಯಜಮಾನರು ಒಮ್ಮೆ ಜ್ವರ ಬಂದು ಮಲಗಿದ್ದಾಗ, ಮಾಗಿ ಚಳಿಯಲ್ಲಿ ಮೊಸರು ಆಗುತ್ತಿಲ್ಲವೆಂದು, ಹೆಪ್ಪು ಹಾಕಿದ ಚೊಂಬನ್ನು ಅವರ ಕಂಬಳಿಯೊಳಗೆ ಪಕ್ಕಕ್ಕೆ ಇಟ್ಟಿದ್ದೆ. "ನನ್ನೇನು ಒಲೆ ಅಂದ್ಕಂಡಿದ್ದೀಯಾ?" ಅಂದರು. ಅಂದುಕೊಳ್ಳುವುದೇನು ಬಂತು, ಬೆಳಗ್ಗೆ ಮೊಸರು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಅವರ ಜ್ವರ ಬಿಡುವುದು ಇನ್ನೆರಡು ದಿನ ತಡವಾಯಿತು. ಮೊಸರು ಇನ್ನೆರಡು ದಿನ ಚೆನ್ನಾಗಿತ್ತು.

ಈಗ ನಮ್ಮ ಮನೆಗೆ ಬಂದ ಡಬ್ಬಿಯ ವಿಷಯ. ನನ್ನ ಸೊಸೆ ಸೌಮ್ಯ ಮದುವೆ ಆಲ್ಬಂ ಮಾಡುತ್ತಾಳೆ. ನಂಜನಗೂಡಿನ ಸ್ಟುಡಿಯೋದವರು ಫೋಟೋ ಕೊಡುತ್ತಾರೆ, ಇವಳು ಹೆಮ್ಮರಗಾಲದ ನಮ್ಮ ನಡುಮನೆಯಲ್ಲಿ ಕೂತು ಅವನ್ನು ಕತ್ತರಿಸಿ, ಅಂಟಿಸಿ, ತಲಕಾಡಿನ ಮರಳನ್ನೂ ಸರಿಯಾಗಿ ನೋಡದ ಹುಡುಗಿಯನ್ನು ಹಿಮದ ಬೆಟ್ಟದ ಮುಂದೆ ನಿಲ್ಲಿಸುತ್ತಾಳೆ. ಹಳೆಯ ಕಂಪ್ಯೂಟರು ಕೆಟ್ಟ ಮೇಲೆ ಮಿನಿ ಪಿಸಿ ಎಂಬುದೊಂದನ್ನು ತಂದಳು. ನನ್ನ ಎಲೆ ಅಡಿಕೆ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಹಲ್ಲಿ, ಧೂಳು ಬೀಳಬಾರದೆಂದು ಅದನ್ನು ಗೋಡೆ ಬೀರುವಿನಲ್ಲಿಟ್ಟು, ಪರದೆಯನ್ನು ಮಾತ್ರ ಮೇಜಿನ ಮೇಲಿಟ್ಟುಕೊಂಡಳು. ಒಂದು ದಿನ ಬೀರು ಒರೆಸಲು ಹೋದವಳು ಡಬ್ಬಿಯ ಹಿಂದಕ್ಕೆ ಕೈ ಚಾಚಿದೆ. ಹಿಂಬದಿಯ ಜಾಲರಿಯಿಂದ ಬಿಸಿಗಾಳಿ ಬರುತ್ತಿತ್ತು. ಹಸುವಿನ ಉಸಿರಿನಷ್ಟು ಹದವಾದ ಬಿಸಿ. ದಿನವಿಡೀ ಗೋಡೆಗೆ ಬಡಿದು ದಂಡವಾಗುತ್ತಿತ್ತು. ನನಗೆ ಹೊಟ್ಟೆ ಉರಿಯಿತು.

ಹಿತ್ತಲಿನಲ್ಲಿ ನಾಲ್ಕು ರಸಬಾಳೆ ಗಿಡ ಇವೆ. ಚಳಿಗಾಲದಲ್ಲಿ ಕಾಯಿಯನ್ನು ನೆಲ್ಲುಹುಲ್ಲಿನಲ್ಲಿ ಮುಚ್ಚಿಟ್ಟರೆ ಹಣ್ಣಾಗಲು ಎಂಟು ದಿನವಾದರೂ ಬೇಕು, ಅಷ್ಟರಲ್ಲಿ ಅರ್ಧಕ್ಕೆ ಇಲಿ ಬಾಯಿ ಹಾಕಿರುತ್ತದೆ. ಒಂದು ಚಿಪ್ಪು ಕಾಯಿಯನ್ನು ಹುಲ್ಲು ಸುತ್ತಿ, ಗೋಣಿಚೀಲದಲ್ಲಿಟ್ಟು, ಡಬ್ಬಿಯ ಬೆನ್ನಿಗೆ ಒತ್ತಿ ಕೂರಿಸಿ ಬೀರುವಿನ ಬಾಗಿಲು ಹಾಕಿದೆ. ಮೂರೇ ದಿನ. ಬಂಗಾರದ ಬಣ್ಣ. ಸೌಮ್ಯ ಎರಡು ತಿಂದು, ನಾಲ್ಕನ್ನು ಸ್ಟುಡಿಯೋಗೂ ಒಯ್ದಳು. "ಹೆಂಗತ್ತೆ ಇಷ್ಟು ಬೇಗ ಹಣ್ಣು ಮಾಡ್ತೀರಾ?" ಅಂದಳು. "ಕೈಗುಣ ಕಣವ್ವ" ಅಂದೆ. ಇಟ್ಟದ್ದು ನನ್ನ ಕೈಯೇ ತಾನೆ, ಸುಳ್ಳೇನು ಹೇಳಿದಂತಾಯಿತು? ಅವಳು ಬೆಳಗ್ಗೆ ಡಬ್ಬಿಯ ಮುಂದಿನ ಗುಂಡಿ ಒತ್ತುತ್ತಾಳೆ, ಬಾಗಿಲು ಹಾಕುತ್ತಾಳೆ. ಹಿಂದೆ ಏನಿದೆ ಎಂದು ನೋಡುವ ಗೊಡವೆ ಅವಳಿಗಿಲ್ಲ. ಮುಂದಿನ ವಾರ ಎರಡು ಚಿಪ್ಪು ಇಟ್ಟೆ.

ಆಗಲೇ ಡಬ್ಬಿ ಅರಚಲು ಶುರು ಮಾಡಿದ್ದು. ಒಳಗಿರುವುದು ಅಂಗೈಯಷ್ಟು ಫ್ಯಾನಂತೆ, ಸದ್ದು ಮಾತ್ರ ರಾಗಿ ಮಿಷನ್ನಿನದು. ಅದೇ ಹೊತ್ತಿಗೆ ಟಿ. ನರಸೀಪುರದ ದೊಡ್ಡ ಮದುವೆಯೊಂದರ ಆಲ್ಬಂ ಬಂದಿತ್ತು. ಶುಕ್ರವಾರ ಸಂಜೆ ಐದಕ್ಕೆ ಕೊಡಬೇಕು. ಸ್ಟುಡಿಯೋದವನು ಕಡ್ಡಿ ಮುರಿದಂತೆ ಹೇಳಿದ್ದ: ಈ ಸಲ ತಡವಾದರೆ ಮುಂದಿನ ಮದುವೆಗಳೆಲ್ಲ ಬೇರೆಯವರಿಗೆ. ಇವಳಿಗಿರುವುದು ಅದೊಂದೇ ಸ್ಟುಡಿಯೋ. ಇಲ್ಲಿ ನೋಡಿದರೆ ಮದುಮಗನನ್ನು ಪರದೆಯ ಈ ಬದಿಯಿಂದ ಆ ಬದಿಗೆ ಸರಿಸಲು, ಅವನೇ ನಡೆದು ಹೋಗಿದ್ದರೂ ಬೇಗ ಆಗುತ್ತಿತ್ತು. ಸೌಮ್ಯಳ ಮುಖ ಸಣ್ಣದಾಯಿತು.

ತಾಂಡ್ಯದ ಫ್ಯಾಕ್ಟರಿಯಲ್ಲಿ ಮಿಷನ್ನು ರಿಪೇರಿ ನೋಡುವ ನನ್ನ ತಂಗಿಯ ಮಗ ಸಿದ್ದರಾಜುವಿಗೆ ಫೋನು ಮಾಡಿದೆವು. ಅವನು ವಿವರಿಸಿದ.

"ದೊಡ್ಡವ್ವ, ಅದ್ರೊಳಗೆ ಒಂದು ಚಿಪ್ ಅದೆ. ಎಷ್ಟು ಕರೆಂಟು ಕುಡಿಯಾಕೆ ಬುಟ್ರೆ ಅಷ್ಟು ಬಿರಬಿರನೆ ಕೆಲ್ಸ ಮಾಡ್ತದೆ, ಅಷ್ಟೇ ಕಾಯ್ತದೆ. ಕಾದಂಗೆಲ್ಲ ಫ್ಯಾನು ಜೋರಾಗಿ ಓಡ್ತದೆ."

"ಹಂಗಾರೆ ಫ್ಯಾನು ಕಮ್ಮಿ ಮಾಡ್ಲಾ, ಸದ್ದು ಓಯ್ತದೆ."

"ಫ್ಯಾನು ಕಮ್ಮಿ ಮಾಡಿದ್ರೆ ಇನ್ನೂ ಕಾಯ್ತದೆ."

"ಕಾದ್ರೆ?"

"ಎದ್ರಿಕಂಡು ತಾನೇ ಕೆಲ್ಸ ಕಮ್ಮಿ ಮಾಡ್ಕತದೆ."

"ಕೆಲ್ಸ ಕಮ್ಮಿಯಾದ್ರೆ?"

"ತಣ್ಣಗಾಯ್ತದೆ."

"ತಣ್ಣಗಾದ್ಮೇಲೆ?"

"ತಿರ್ಗಾ ಜೋರಾಗಿ ಮಾಡ್ತದೆ."

"ತಿರ್ಗಾ ಕಾಯ್ತದೆ."

"ಊ ಕಣವ್ವ."

"ಇದು ಮಿಷನ್ನೋ, ನಿಮ್ಮಪ್ಪನೋ?" ಅಂದೆ.

ಅವನು ನಕ್ಕು, ಫೋನಿನಲ್ಲೇ ಸೌಮ್ಯಳಿಗೆ ದಾರಿ ಹೇಳಿದ. ಅವಳು ಡಬ್ಬಿಯನ್ನು ಆರಿಸಿ, ಹಚ್ಚಿ, ಯಾವುದೋ ಗುಂಡಿಯನ್ನು ಟಕಟಕ ಒತ್ತಿ, ನೀಲಿ ಪರದೆಯೊಂದಕ್ಕೆ ಹೋಗಿ, ಮೂವತ್ತೈದು ವ್ಯಾಟು ಇದ್ದದ್ದನ್ನು ಹದಿನೈದಕ್ಕೆ ಇಳಿಸಿದಳು. ವ್ಯಾಟು ಎಂದರೆ ನನಗೆ ಬಲ್ಬಿನದು ಮಾತ್ರ ಗೊತ್ತು. ಮೊದಲೆಲ್ಲ ಬಚ್ಚಲಿಗೆ ಹದಿನೈದು, ನಡುಮನೆಗೆ ಅರವತ್ತು. ಅಂತೂ ಡಬ್ಬಿಯನ್ನು ಬಚ್ಚಲ ದರ್ಜೆಗೆ ಇಳಿಸಿದರು ಅಂದುಕೊಂಡೆ. ಅರ್ಧ ದಿನ ಸದ್ದು ತಗ್ಗಿತು, ಕೆಲಸ ಇನ್ನೂ ತಗ್ಗಿತು. ಸಂಜೆಗೆ ಮತ್ತೆ ಅರಚಾಟ. "ಹದಿನೈದು ವ್ಯಾಟ್‌ಗೂ ಅರಚ್ತದಾ?" ಎಂದು ಸಿದ್ದರಾಜು ಫೋನಿನಲ್ಲಿ ಬಾಯಿ ಬಿಟ್ಟ. ಓದಿದವನಿಗೇ ತಿಳಿಯದ ಮೇಲೆ ನಾಲ್ಕನೇ ಕ್ಲಾಸಿಗೆ ಬಿಟ್ಟ ನನಗೇನು ತಿಳಿಯುತ್ತದೆ? ನಾನು ಮೊರ ತಂದು, ಬೀರುವಿನ ಬಾಗಿಲು ತೆರೆದು, ಡಬ್ಬಿಯ ಮುಖಕ್ಕೆ ಗಾಳಿ ಹಾಕುತ್ತಾ ಕೂತೆ. ಬೆನ್ನಿಗೆ ಗೋಣಿಚೀಲ, ಮುಖಕ್ಕೆ ಮೊರ. ಎರಡನ್ನೂ ಮಾಡುತ್ತಿದ್ದವಳು ನಾನೇ ಎಂಬುದು ಆಗ ತಲೆಗೆ ಹತ್ತಲೇ ಇಲ್ಲ.

ಇನ್ನೊಂದು ತೊಂದರೆಯೂ ಇತ್ತು. ಹದಿನೈದಕ್ಕೆ ಇಳಿಸಿದ ಮೇಲೆ ಕಾಯಿ ಹಣ್ಣಾಗಲಿಲ್ಲ. ನಾಲ್ಕನೇ ದಿನಕ್ಕೂ ಹಸಿರು. ತಡೆಯಲಾರದೆ ಸೌಮ್ಯಳಿಗೆ ಹೇಳಿದೆ, "ಪಾಪ, ಇನ್ನೊಂದೀಟು ಕರೆಂಟು ಕುಡೀಲಿ ಬುಡವ್ವ. ಹೊಟ್ಟೆ ಕಟ್ಟಿ ಯಾಕೆ ದುಡಿಸ್ತೀಯಾ?" ಅವಳ ಕಣ್ಣು ತುಂಬಿತು. "ನನ್ನ ಕೆಲಸದ ಬಗ್ಗೆ ಈ ಮನೇಲಿ ಯೋಚನೆ ಮಾಡೋರು ನೀವೊಬ್ರೇ ಅತ್ತೆ" ಅಂದಳು. ಹೊಗಳುವವರ ಬಾಯಿ ಮುಚ್ಚಿಸಬಾರದು.

ಶುಕ್ರವಾರ ಬೆಳಗ್ಗೆ ರಾತ್ರಿ ಪಾಳಿ ಮುಗಿಸಿದ ಸಿದ್ದರಾಜು ಸೀದಾ ನಮ್ಮ ಮನೆಗೆ ಬಂದ. ಇನ್ನೂ ಇಪ್ಪತ್ತು ಪುಟ ಬಾಕಿ. ಸೌಮ್ಯ ಕಾಫಿಯನ್ನೂ ಮಾಡದೆ ಕೂತಿದ್ದಳು. ಅವನು ಪರದೆ ನೋಡಿದ, ತಲೆ ಕೆರೆದುಕೊಂಡ, ಫ್ಯಾನು ಏರಿಸಿದ, ಇಳಿಸಿದ. ಆಮೇಲೆ ಮೂಗು ಅರಳಿಸಿದ. "ಎಲ್ಲೋ ಬಾಳೆಹಣ್ಣಿನ ಗಮಲು ಬತ್ತಾ ಅದೆ" ಅಂದ. ಬೀರು ತೆರೆದು ಡಬ್ಬಿಯನ್ನು ಮುಂದಕ್ಕೆ ಎಳೆದ. ಅದರ ಬೆನ್ನಿಗೆ ಅಂಟಿಕೊಂಡೇ ಗೋಣಿಚೀಲ ಬಂತು, ಗೋಣಿಚೀಲದಿಂದ ಹುಲ್ಲು ಬಂತು, ಹುಲ್ಲಿನೊಳಗಿನಿಂದ ಎರಡು ಚಿಪ್ಪು ರಸಬಾಳೆ. ಆ ಬೆಳಗ್ಗೆಯೇ ಬಣ್ಣ ತಿರುಗಿದ್ದವು.

"ಇದ್ಯಾರು ಮಡಗಿದ್ದು?"

"ನಾನೇ ಕಣ್ಲಾ. ಕಲ್ಲು ಮಡಗಿಲ್ಲ, ಬಾಳೆಕಾಯಿ ಮಡಗಿವ್ನಿ."

"ದೊಡ್ಡವ್ವ, ಅದು ಉಸಿರು ಬುಡೋ ಜಾಗ! ಮೂಗಿಗೆ ಬಟ್ಟೆ ತುರುಕಿ ಓಡು ಓಡು ಅಂದ್ರೆ ಅದೇನು ಮಾಡ್ತದೆ?"

"ನೀನೇ ಅಲ್ವೇನ್ಲಾ ಹದಿನೈದು ಮಾಡು ಅಂದೋನು? ವಾರದಿಂದ ಫೋನಲ್ಲಿ ಬೊಗಳ್ತಿದ್ದೀಯಲ್ಲ, ಇಂದ್ಗಡೆ ಏನದೆ ಅಂತ ಒಂದ್ಸಲನಾದ್ರೂ ಕೇಳಿದ್ಯಾ?"

ನಾನು ಸೌಮ್ಯಳ ಕಡೆ ನೋಡಲಿಲ್ಲ. ಅವಳು ಬೈದಿದ್ದರೆ ಬೈದು ಮುಗಿಯುತ್ತಿತ್ತು. "ಭಾವ, ಮೂವತ್ತೈದಕ್ಕೆ ಹಾಕಿ" ಎಂದಷ್ಟೇ ಹೇಳಿ ಕುರ್ಚಿ ಎಳೆದುಕೊಂಡಳು. ಡಬ್ಬಿ ಎಷ್ಟು ಸುಮ್ಮನಾಯಿತೆಂದರೆ ಸತ್ತೇಹೋಯಿತೋ ಎಂದು ನಾನು ಎರಡು ಸಲ ಮುಟ್ಟಿ ನೋಡಿದೆ. ಮಧ್ಯಾಹ್ನದ ಊಟವನ್ನು ನಾನೇ ಕಲಸಿ ಅವಳ ಪಕ್ಕದಲ್ಲಿಟ್ಟೆ. ಅದನ್ನು ತಪ್ಪಾಯಿತು ಎಂದು ಹೇಳಿದ ಹಾಗೆ ಅಂತ ಅವಳು ತಿಳಿದುಕೊಂಡಿದ್ದರೆ ತಿಳಿದುಕೊಳ್ಳಲಿ. ನಾಲ್ಕು ಗಂಟೆಗೆ ಕೊನೆಯ ಪುಟದ ಮದುಮಗಳು ಹಿಮದ ಬೆಟ್ಟ ಹತ್ತಿದಳು. ಐದಕ್ಕೆ ಹತ್ತು ನಿಮಿಷವಿದ್ದಾಗ ಸೌಮ್ಯ ಸ್ಟುಡಿಯೋದಲ್ಲಿದ್ದಳು, ಪೆನ್‌ಡ್ರೈವಿನ ಜೊತೆಗೆ ಒಂದು ಚಿಪ್ಪು ಹಣ್ಣನ್ನೂ ಒಯ್ದಿದ್ದಳು. ಸ್ಟುಡಿಯೋದವನು ಆಲ್ಬಂ ಆಮೇಲೆ ನೋಡುತ್ತೇನೆಂದು ಮೊದಲು ಹಣ್ಣು ಸುಲಿದನಂತೆ. ಮುಂದಿನ ಮದುವೆಯೂ ಅವಳಿಗೇ ಬಂತು.

ಈಗ ಬಾಳೆಕಾಯಿ ಬೀರುವಿನ ಮೇಲಿನ ಹಲಗೆಯಲ್ಲಿದೆ, ಡಬ್ಬಿಗೂ ಅದಕ್ಕೂ ನಡುವೆ ಗೇಣು ಜಾಗ, ಬಾಗಿಲು ತೆರೆದೇ ಇರುತ್ತದೆ. ಮತ್ತೆ ಮತ್ತೆ ನೀಲಿ ಪರದೆಗೆ ಹೋಗುವುದು ಬೇಡವೆಂದು ಸಿದ್ದರಾಜು ಕರೆಂಟು, ಫ್ಯಾನುಗಳ ಲೆಕ್ಕವನ್ನು ಮೂರು ಬಗೆ ಮಾಡಿಟ್ಟು ಹೋಗಿದ್ದಾನೆ, ಬೇಕಾದ್ದನ್ನು ಒತ್ತಿದರಾಯಿತು. ಮೊನ್ನೆ ಪರದೆಯ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದಿದೆ. ಮೊದಲನೆಯದು 'ಸದ್ದಿಲ್ಲ', ಎರಡನೆಯದು 'ಆಲ್ಬಂ', ಮೂರನೆಯದು 'ಅತ್ತೆ'. ಸಿದ್ದರಾಜುವಿಗೆ ಫೋನು ಮಾಡಿ ಆ ಮೂರನೆಯದರ ಗುಣವೇನು ಎಂದು ಕೇಳಿದೆ.

"ಕಾಯಿ ಅಣ್ಣು ಮಾಡಾಕೆ ಕಣವ್ವ. ದಿನಕ್ಕೆ ಕಾಲು ಗಂಟೆ ಮೇಲೆ ಬ್ಯಾಡ. ಬೇಗ ಕಾಯ್ತದೆ, ಗಾಳಿ ಆಡಾಕೆ ಬುಡಾಕಿಲ್ಲ, ಕೆಲ್ಸ ಅಷ್ಟಕ್ಕಷ್ಟೆ" ಅಂದ.

ಸೌಮ್ಯ ಹಣ್ಣು ತಿನ್ನುತ್ತಾ ಗೋಡೆ ನೋಡುತ್ತಿದ್ದಳು. ಆ ಹೆಸರಿಟ್ಟವರು ಅವನೋ ಇವಳೋ ಎಂದು ನಾನು ಕೇಳಿಲ್ಲ. ಕೇಳಿದರೆ ಬಿಸಿಯಾಗಬೇಕಾಗುತ್ತದೆ, ಬಿಸಿಯಾದರೆ ಹೆಸರು ಸರಿ ಎಂದಾಗುತ್ತದೆ.