ನಾಲ್ಕು ಊರು, ಒಂದು ಫ್ಲಾಪಿ

ಯಂತ್ರದ ಜೊತೆ ಕೆಲಸ ಮಾಡುವವರ ಬಾಳು ಒಣಒಣ ಇರುತ್ತದೆ ಅಂತ ಯಾರು ಹೇಳಿದರೋ ಕಾಣೆ. ನನಗಂತೂ ನೌಕರಿಯುದ್ದಕ್ಕೂ ನಗದೆ ಮನೆಗೆ ಹೋದ ದಿನ ಕಡಿಮೆ. ಯಂತ್ರ ಕೆಟ್ಟರೆ ಅರ್ಧ ನಗು, ಅದರ ಸುತ್ತ ಮಂದಿ ಕೂಡಿದರೆ ಪೂರ್ತಿ ನಗು. ಈಗ ನಿವೃತ್ತ. ಕೇಳುವವರು ಸಿಕ್ಕರೆ ಹೇಳುತ್ತೇನೆ, ಸಿಗದಿದ್ದರೆ ಹೀಗೆ ಬರೆಯುತ್ತೇನೆ. ಕೇಳುವವರ ಹಾಗೆ ಕಾಗದ ನಡುವೆ ಎದ್ದು ಹೋಗುವುದಿಲ್ಲವಲ್ಲ!

ಇದು ಎಂಬತ್ತರ ದಶಕದ ಕೊನೆಯ ಮಾತು. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ನಾನಿದ್ದೆ. ಒಂದು ಕಂಪ್ಯೂಟರಿಗೆ ನಾಲ್ಕು ಪರದೆ ಜೋಡಿಸಿ ನಾಲ್ಕು ಜನ ಕೂತು ಕೆಲಸ ಮಾಡುವಂಥ ಕಾರ್ಡು ನಮ್ಮ ಮಾಲು. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು, ಸವಣೂರು, ಈ ನಾಲ್ಕು ಕಡೆಯ ಸೊಸೈಟಿಗಳು ಅದನ್ನು ತಗೊಂಡಿದ್ದವು. ಆ ಕಾರ್ಡಿಗೆ ಡ್ರೈವರ್ ಎಂಬ ಪ್ರೋಗ್ರಾಮ್ ಬರೆದು, ಫ್ಲಾಪಿ ಎಂಬ ತೆಳು ತಟ್ಟೆಗೆ ತುಂಬಿ ಕೊಡುವುದು ನನ್ನ ಕೆಲಸ. ಆಪರೇಟಿಂಗ್ ಸಿಸ್ಟಮ್ ಅಂದರೆ ಯಜಮಾನ, ಕಾರ್ಡು ಅಂದರೆ ಆಳು, ನಡುವೆ ನಿಂತು ಇವನ ಮಾತು ಅವನಿಗೆ ಮುಟ್ಟಿಸುವ ಮೇಸ್ತ್ರಿಯೇ ಡ್ರೈವರ್. ಮಾತು ಹೋಗಿಬರುವ ಒಳದಾರಿಗೆ ಬಸ್ ಅಂತ ಹೆಸರು. ಬಸ್ಸು, ಡ್ರೈವರ್ ಎರಡೂ ಕೂಡಿ ಬಂದವೆಂದು ನೀವು ಮಾಡಬೇಕೆಂದಿರುವ ಚಾಷ್ಟಿಯನ್ನು ನನ್ನ ಸೋದರಮಾವ ಆಗಲೇ ಮಾಡಿ ಮುಗಿಸಿದ್ದಾನೆ, ಮುಂದೆ ಹೋಗೋಣ.

ಈ ಒಳದಾರಿಯಲ್ಲಿ ಆಗ ಎರಡು ಪೀಳಿಗೆ ಇದ್ದವು. ಹಳೆಯ ಪೀಳಿಗೆಯದು ಇಕ್ಕಟ್ಟಿನ ಓಣಿ, ಎಂಟು ಬಿಟ್. ಹೊಸದು ಅದರ ಎರಡು ಪಟ್ಟು ಅಗಲ, ಹದಿನಾರು ಬಿಟ್. ಓಣಿ ಇಕ್ಕಟ್ಟಿದ್ದಲ್ಲಿ ಮೇಸ್ತ್ರಿ ಅಗಲವೆಂದು ತಿಳಿದು ಸಾಮಾನು ನುಗ್ಗಿಸಿದನೋ, ಯಂತ್ರ ಕಣ್ಣು ತೇಲಿಸಿಬಿಡುತ್ತಿತ್ತು. ನಮ್ಮ ಮಾಲೀಕರ ಹುಕುಂ ಹೀಗಿತ್ತು: "ನಾಕೂ ಊರಿಗೆ ಒಂದ ಫ್ಲಾಪಿ ಹೋಗಬೇಕು. ಯಾವ ಪೀಳಿಗಿ ಅಂತ ಅದ ಗುರ್ತು ಹಿಡೀಬೇಕು. ಊರಿಗೊಂದು ಬರಕೋಂತ ಕುಂತ್ರ ನೀವೂ ಮನಿಗೆ, ನಾನೂ ಮನಿಗೆ."

ನೌಕರಿಯ ಚಿಂತೆ ನನಗೆ ಅಷ್ಟಿರಲಿಲ್ಲ. ಚಿಂತೆ ಬೇರೆ ಇತ್ತು. ಸವಣೂರಿನ ಸೊಸೈಟಿಯ ಸೆಕ್ರೆಟರಿಯವರಿಗೆ ಒಂದು ಎಲೆಬಳ್ಳಿ ತೋಟ, ಬಿ.ಎಸ್ಸಿ. ಓದಿದ ಒಬ್ಬಳೇ ಮಗಳು. ನಮ್ಮ ಅವ್ವ ಆ ಮನೆಗೆ ಮಾತು ಹಚ್ಚಿದ್ದಳು. ಸೆಕ್ರೆಟರಿಯವರು ಹೇಳಿ ಕಳಿಸಿದ್ದು ಇಷ್ಟೇ: "ಮದ್ಲ ನಮ್ಮ ಮಶೀನ್ ಚಾಲೂ ಮಾಡ್ಲಿ. ಹುಡುಗನ ಕೈಯಾಗ ಕಸಬು ಐತೋ ಇಲ್ಲೋ ನೋಡ್ತೇನಿ. ಆಮ್ಯಾಲ ಉಳದ ಮಾತು." ವೈರಿಂಗ್ ನೋಡಲು ಹೋದಾಗ ಅವರ ಮನೆಯಲ್ಲಿ ಸವಣೂರ ಖಾರ ತಿಂದಿದ್ದೆ, ತಾಟು ತಂದಿಟ್ಟವಳನ್ನೂ ನೋಡಿದ್ದೆ. ನನ್ನ ಕಡೆಯಿಂದ ಮದುವೆ ಅಲ್ಲಿಗೇ ಆಗಿಹೋಗಿತ್ತು. ಅವರ ಕಡೆಯಿಂದ ಆಗುವುದು ಮಶೀನಿನ ಕೈಯಲ್ಲಿತ್ತು. ಹಾಗಾಗಿ ಸವಣೂರನ್ನು ಕೊನೆಗಿಟ್ಟುಕೊಂಡು, ಉಳಿದ ಮೂರು ಊರಲ್ಲಿ ಕೈ ಪಳಗಿಸಲು ಹೊರಟೆ.

ಹಾನಗಲ್: ಯಾರ ಪೈಕಿ?

ನನ್ನ ಮೊದಲ ಉಪಾಯ ಸರಳ. ಪ್ರತಿ ಯಂತ್ರದ ಕಾಯಂ ನೆನಪಿನ ಚಿಪ್ಪಿನಲ್ಲಿ, ಕೊನೆಯ ಮೂಲೆಯಲ್ಲಿ, ಒಂದು ಗುರುತು ಬರೆದಿರುತ್ತದೆ: ನಾನು ಇಂಥ ಪೀಳಿಗೆಯವನು ಅಂತ. ಅದನ್ನೇ ಕೇಳಿದರಾಯಿತು!

ಹಾನಗಲ್ಲಿನ ಸೊಸೈಟಿಗೆ ಹೋದೆ. ಚೇರ್ಮನ್ನರು ಗಾದಿಗೆ ಒರಗಿ ಕೂತಿದ್ದರು. ಯಂತ್ರದ ಮುಚ್ಚಳಕ್ಕೆ ಕೈ ಹಾಕುವುದರೊಳಗೆ ಶುರುವಾಯಿತು.

"ಕುಂತ್ರಿ. ಯಾವೂರವ್ರು?"

"ಹಿರೇಬೆಂಡಿಗೇರಿರಿ."

"ಬೆಂಡಿಗೇರ್ಯಾಗ ಯಾರ ಪೈಕಿ? ಕೆರಿ ಕಡೆ ಮನೀಯವ್ರೋ, ಅಗಸಿ ಕಡೆಯವ್ರೋ?"

"ಅಗಸಿ ಕಡೆಯವ್ರು."

"ನಿಮ್ಮ ಅವ್ವನ ತವರಮನಿ ಯಾವದು? ನಿಮ್ಮ ಅಕ್ಕನ್ನ ಯಾವೂರಿಗೆ ಕೊಟ್ಟೀರಿ?"

ಚಾ ಬಂತು, ಹೋಯಿತು. ಕೊನೆಗೆ ನನ್ನ ಅಕ್ಕನ ಗಂಡನ ದೊಡ್ಡಪ್ಪನೂ ಚೇರ್ಮನ್ನರ ಬೀಗರೂ ಒಂದೇ ಊರಿನ ಅಳಿಯಂದಿರು ಅಂತ ಪತ್ತೆಯಾದ ಮೇಲೆ, "ಹಂಗಾರ ನಮ್ಮವ್ರ ಅದೀರಿ, ತಗೀರಿ ಮುಚ್ಚಳ" ಅಂದರು.

ಫ್ಲಾಪಿ ಹಾಕಿದೆ. ನನ್ನ ಡ್ರೈವರ್ ಕೇಳಿತು: ನೀನು ಯಾವ ಪೀಳಿಗೆ? ಯಂತ್ರ ಹೇಳಿತು: ಹೊಸ ಪೀಳಿಗೆ. ಡ್ರೈವರ್ ಖುಷಿಯಿಂದ ಅಗಲದ ಸಾಮಾನು ನುಗ್ಗಿಸಿತು. ಪರದೆ ಕಪ್ಪಾಯಿತು. ಮತ್ತೆ ಹಾಕಿದೆ, ಮತ್ತೆ ಕಪ್ಪು. ಮುಚ್ಚಳ ತೆಗೆದು ಬ್ಯಾಟರಿಯ ಬೆಳಕು ಬಿಟ್ಟು ನೋಡಿದರೆ ಒಳಗಿರುವುದು ಪಕ್ಕಾ ಹಳೆಯ ಓಣಿ! ಜೋಡಿಸಿ ಮಾರಿದವ ಯಾರೋ ಹೊಸ ಯಂತ್ರದ ಚಿಪ್ಪನ್ನು ಹಳೆಯದರ ತಲೆಗೆ ತುರುಕಿದ್ದ.

ಚೇರ್ಮನ್ನರಿಗೆ ವಿಷಯ ಬಿಡಿಸಿ ಹೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಅಲ್ರಿ, ನೀವು ಬೆಂಡಿಗೇರಿಯವ್ರು ಅಂದ್ರೂ ನಾ ನಂಬಲಿಲ್ಲ, ಅಕ್ಕನ ಗಂಡನ ಊರಿನ ತನಕ ಹೋಗಿ ಬಂದೆ. ನೀವು ಒಂದ ಮಾತು ಕೇಳಿ ನಂಬಿಬಿಟ್ರೇನು? ಅದರ ತವರಮನಿನರ ಕೇಳಬೇಕಿತ್ತಿಲ್ಲ!"

ಶಿಗ್ಗಾಂವಿ: ತಮ್ಮನ ಸುದ್ದಿ ಯಾರು ಕೇಳಿದ್ರು?

ಬಾಯಿಮಾತು ಬೇಡ, ಕಣ್ಣಿಂದಲೇ ನೋಡೋಣ ಅಂತ ಎರಡನೆಯ ಉಪಾಯ. ಕಾರ್ಡು ಕೂಡಿಸುವ ಸೀಳು ಹಳೆಯ ಯಂತ್ರದಲ್ಲಿ ಒಂದೇ ತುಂಡು, ಗಿಡ್ಡ. ಹೊಸದರಲ್ಲಿ ಅದರ ಮುಂದೆ ಇನ್ನೊಂದು ಸಣ್ಣ ತುಂಡು ಸೇರಿ ಉದ್ದವಾಗಿರುತ್ತದೆ. ಶಿಗ್ಗಾಂವಿಗೆ ಹೋಗುವ ಮೊದಲೇ ಟ್ರಂಕ್ ಕಾಲ್ ಹಚ್ಚಿ ಅಲ್ಲಿನ ಮ್ಯಾನೇಜರರನ್ನು ಕೇಳಿದೆ: "ಮುಚ್ಚಳಾ ತಗದು, ಕಾರ್ಡು ಕೂಡೋ ಸೀಳು ಎಷ್ಟು ಉದ್ದ ಐತಿ ನೋಡಿ ಹೇಳ್ರಿ."

ಆ ಕಡೆ ಗದ್ದಲ. ಅಳತೆಪಟ್ಟಿ ಸಿಗಲಿಲ್ಲ. ನಮ್ಮ ಕಡೆ ಅಳತೆಪಟ್ಟಿ ಸಿಗದಿದ್ದರೆ ಯಾವ ಕೆಲಸವೂ ನಿಲ್ಲುವುದಿಲ್ಲ, ಕೈಬೆರಳು ಇರುತ್ತವೆ.

"ನಾಕು ಬಟ್ಟು ಆತ್ರಿ," ಅಂದರು ಮ್ಯಾನೇಜರ್.

ಹಿಂದಿನಿಂದ ಆಫೀಸಿನ ಸಿಪಾಯಿಯ ಧ್ವನಿ: "ಸಾಹೇಬ್ರ, ನನ್ನ ಕೈಲೆ ಐದು ಆಕ್ಕಾವು."

"ನಿನ್ನ ಬಟ್ಟು ಸಣ್ಣು ಅದಾವು, ಸುಮ್ನಿರೋ! ನಾಕ ಬರ್ಕೋರಿ ಇಂಜಿನಿಯರ್ ಸಾಹೇಬ್ರ, ಮ್ಯಾನೇಜರ್ ಬಟ್ಟು."

ನಾಲ್ಕಾಗಲಿ ಐದಾಗಲಿ, ಗಿಡ್ಡವೇ. ಹಳೆಯ ಪೀಳಿಗೆ. ಅದಕ್ಕೆ ತಕ್ಕಂತೆ ಡ್ರೈವರ್ ಬಿಗಿದು ಹೋಗಿ ಹಾಕಿದೆ. ನಡೆಯಿತು, ಆದರೆ ನಡಿಗೆ ಹೇಗೆ ಅಂತೀರಿ! ಒಂದು ಹಾಳೆ ಅಚ್ಚಾಗಲು ಹಚ್ಚಿ ಸಿಬ್ಬಂದಿಯೆಲ್ಲ ಚಾ ಕುಡಿದು, ಎಲೆ ಹಾಕಿಕೊಂಡು, ಉಗುಳಿ ಬರುವಷ್ಟು ನಿಧಾನ. ಅನುಮಾನ ಬಂದು ಮುಚ್ಚಳ ತೆಗೆದೆ. ನಾಲ್ಕು ಬಟ್ಟಿನ ಸೀಳು ಇತ್ತು, ಖರೆ. ಅದರ ಮುಂದೆ ಸಾಲು ಹಿಡಿದು ಸಣ್ಣ ತುಂಡೂ ಇತ್ತು! ಯಂತ್ರ ಹೊಚ್ಚ ಹೊಸ ಪೀಳಿಗೆಯದು. ಅಗಲ ರಸ್ತೆಯಲ್ಲಿ ನಾನು ಒಂದೇ ಮಗ್ಗುಲಿಗೆ ಚಕ್ಕಡಿ ಹೊಡೆಸುತ್ತಿದ್ದೆ.

"ಏನ್ರಿ ಸಾಹೇಬ್ರ, ಇದನ್ಯಾಕ ಹೇಳಲಿಲ್ಲ?"

ಮ್ಯಾನೇಜರ್ ಒಂದಿಷ್ಟೂ ಅಳುಕಲಿಲ್ಲ. "ನೀವು ಅಣ್ಣನ ಉದ್ದ ಕೇಳಿದ್ರಿ, ಹೇಳಿದೆ. ಅವನ ಮಗ್ಗಲಕ ತಮ್ಮ ಅದಾನೇನು ಅಂತ ಕೇಳಿದ್ರೇನು?"

ಸರಿಪಡಿಸಲು ಕೂತರೆ ಸಿಬ್ಬಂದಿಯ ಮುಖ ಸಣ್ಣದಾಯಿತು. ಸಿಪಾಯಿ ಕಿವಿಯಲ್ಲಿ ಹೇಳಿದ: "ಹಂಗ ಇರ್ಲಿ ಬಿಡ್ರಿ. ಮಶೀನ್ ಬಂದ ಮ್ಯಾಲೆ ಇದ ಮದಲ ಸರ್ತಿ ನಮಗ ಚಾ ಕುಡಿಯಾಕ ಹೊತ್ತು ಸಿಗಾಕತ್ತೈತಿ."

ಹಿರೇಕೆರೂರು: ಮಿರ್ಚಿ ಬಂತು, ಗಿರಮಿಟ್ಟು ಬರಲಿಲ್ಲ

ಯಂತ್ರದ ಮಾತು ನಂಬುವಂತಿಲ್ಲ, ಮನುಷ್ಯರ ಕಣ್ಣು ನಂಬುವಂತಿಲ್ಲ. ಅವ್ವನ ಕಡೆಯಿಂದ ಬೇರೆ ದಿನಾ ಕೇಳಿಕೆ: "ಸವಣೂರಾಗ ಯಾವಾಗ ಚಾಲೂ ಮಾಡ್ತಿ? ಅಬಲೂರಿನ್ಯಾಗ ಒಬ್ಬ ಮಾಸ್ತರ ಅದಾನಂತ, ಆ ಹುಡುಗೀನ್ನ ಅವನೂ ಕೇಳ್ಯಾನಂತ." ಮಾಸ್ತರನಿಗೆ ಏನು, ಬಳಪ ಹಿಡಿದರೆ ಚಾಲೂ!

ಹಿರೇಕೆರೂರಿನ ಬಸ್ ಸ್ಟ್ಯಾಂಡಿನ ಎದುರು ಒಂದು ಖಾನಾವಳಿ. ಅಲ್ಲಿ ಬಡಿಸುವವರು ಇಬ್ಬರು, ಇಬ್ಬರೂ ಗಟ್ಟಿ ಗೃಹಸ್ಥರು. ಒಬ್ಬನಿಗೆ "ಗಿರಮಿಟ್ಟು, ಮಿರ್ಚಿ" ಅಂದರೆ ಎರಡೂ ತರುತ್ತಿದ್ದ. ಇನ್ನೊಬ್ಬ, ತಲೆಗೆ ಟವೆಲ್ ಸುತ್ತಿದವ, ಎರಡು ಹೇಳಿದರೂ ಒಂದೇ ತರುತ್ತಿದ್ದ. ಅವತ್ತು ನನ್ನ ಪಾಲಿಗೆ ಟವೆಲ್ಲಿನವನೇ ಬಂದ. ಮಿರ್ಚಿ ಇಟ್ಟು ನಿಂತ.

"ಗಿರಮಿಟ್ಟು ಎಲ್ಲಿ?"

"ಮದ್ಲ ಇದನ್ನ ತಿನ್ರಿ. ಎರಡೂ ಕೂಡೇ ತಿನ್ನಾಕ ಎರಡು ಬಾಯಿ ಅದಾವೇನು ನಿಮಗ?"

ಬಾಯಲ್ಲಿ ಮಿರ್ಚಿ ಇದ್ದಂತೆಯೇ ನಾನು ಎದ್ದು ನಿಂತೆ. ಇದೇ ಅಲ್ಲವೇ ಪರೀಕ್ಷೆ! ಯಾರನ್ನೂ ಕುಲಗೋತ್ರ ಕೇಳಬಾರದು, ಉದ್ದಗಲ ಅಳೆಯಬಾರದು. ಎರಡು ಭಾಗದ ಒಂದು ಅಂಕಿಯನ್ನು ಕಾರ್ಡಿಗೆ ಕಳಿಸಿ, ವಾಪಸ್ ತರಲು ಹೇಳಬೇಕು. ಎರಡೂ ಭಾಗ ಬಂದರೆ ಓಣಿ ಅಗಲ, ಹೊಸ ಪೀಳಿಗೆ. ಅರ್ಧವೇ ಬಂದರೆ ಇಕ್ಕಟ್ಟು, ಹಳೆಯ ಪೀಳಿಗೆ. ಅಲ್ಲಿಂದ ಮುಂದೆ ಒಂದೊಂದೇ ಕೊಟ್ಟು ಕೆಲಸ ತಗೊಂಡರಾಯಿತು. ಸೊಸೈಟಿಗೆ ಓಡಿ ಅಲ್ಲೇ ಕೂತು ಬರೆದೆ. ಹಿರೇಕೆರೂರಿನ ಯಂತ್ರ ಎರಡೂ ಭಾಗ ತಂದಿಟ್ಟಿತು. ಹಾನಗಲ್ಲಿಗೆ ಹೋಗಿ ಹಾಕಿದೆ, ಅದು ಅರ್ಧ ತಂದು ಸಿಕ್ಕಿಬಿತ್ತು. ಪರದೆಯ ಮೇಲೆ ತೀರ್ಪು ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಬರುವಂತೆ ಮಾಡಿದೆ. ಅಷ್ಟು ಹುರುಪು ನನಗೆ!

ಖುಷಿಗೆ ಮತ್ತೆ ಹಿರೇಕೆರೂರಿನ ಅದೇ ಖಾನಾವಳಿಗೆ ಹೋಗಿ, ಟವೆಲ್ಲಿನವನನ್ನೇ ಕರೆದು, "ನಿನ್ನಿಂದ ನನ್ನ ಕೆಲಸಾ ಆತೋ ಮಾರಾಯಾ, ಗಿರಮಿಟ್ಟು ಮಿರ್ಚಿ ಎರಡೂ ತಾ" ಅಂದೆ.

ಈ ಸಲ ಗಿರಮಿಟ್ಟು ಮಾತ್ರ ತಂದ. "ಮಿರ್ಚಿ ಆವತ್ತ ಕೊಟ್ಟೇನೆಲ್ರಿ."

ಸವಣೂರು: ಪಳಗಿದ್ದು

ಅವತ್ತು ಸವಣೂರಿನ ಸೊಸೈಟಿಯಲ್ಲಿ ಜಾಗವಿರಲಿಲ್ಲ. ಎಲೆತೋಟದ ಹಿರಿಯರೆಲ್ಲ ಪಟಕ ಸುತ್ತಿಕೊಂಡು ಬಂದು ಕೂತಿದ್ದರು. ಬಾಗಿಲಲ್ಲಿ ಹೆಂಗಸರ ನಡುವೆ ಅವಳೂ ನಿಂತಿದ್ದಳು. ಸೆಕ್ರೆಟರಿಯವರು ಯಂತ್ರಕ್ಕೆ ಮಾಲೆ ಹಾಕಿ ಹೇಳಿದರು: "ಜಿಲ್ಲಾದಾಗ ಇಂಥಾ ಹೊಚ್ಚ ಹೊಸಾ ಮಶೀನ್ ಯಾರ ಕಡೆನೂ ಇಲ್ಲ. ನಾನ ನಿಂತು ಆರಿಸಿ ತಂದೇನಿ!"

ಫ್ಲಾಪಿ ಹಾಕಿದೆ. ಪರದೆಯ ಮೇಲೆ ಬಂದ ಪ್ರತಿ ಸಾಲನ್ನೂ ಸೆಕ್ರೆಟರಿಯವರು ದೊಡ್ಡ ದನಿಯಲ್ಲಿ ಓದಿ ಕನ್ನಡ ಮಾಡಿ ಹೇಳತೊಡಗಿದರು. "ಕಾರ್ಡು ಸಿಕ್ತಂತ್ರೀ! ಪರೀಕ್ಷಾ ಮಾಡಾಕತ್ತೈತಂತ್ರೀ! ಯಂತ್ರಾ... ಹಳೇ... ಪೀಳಿಗೀದು..."

ಓದಿ ಮುಗಿಸಿದ ಮೇಲೆಯೇ ಅವರಿಗೆ ಅದರ ಅರ್ಥ ಹೊಳೆದದ್ದು. ನನ್ನ ಕಣ್ಣ ಮುಂದೆ ಅಬಲೂರಿನ ಮಾಸ್ತರ ಬಾಸಿಂಗ ಕಟ್ಟಿಕೊಂಡು ನಿಂತ.

ಒಬ್ಬ ಹಿರಿಯರು ಕೇಳಿಯೇಬಿಟ್ಟರು: "ಏನಪಾ, ಹೋರಿ ತರೋ ಮುಂದ ಹಲ್ಲು ಹಿಡದು ನೋಡ್ತೇವಿ. ಇದರದ್ದು ಯಾರೂ ನೋಡಲಿಲ್ಲೇನು?"

ಸೆಕ್ರೆಟರಿಯವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಸಭೆಯನ್ನು. ಆಮೇಲೆ ಎದೆ ಉಬ್ಬಿಸಿದರು. "ನೋಡೇ ತಂದೇನ್ರಿ! ಗಾಡಿಗೆ ಎಳೇ ಹೋರಿ ಹೂಡ್ತಾರೇನು? ಪಳಗಿದ್ದ ಬೇಕಂತ ತಂದೇನಿ. ಹೊಸಾವು ಒದಿತಾವು. ಹೌದಲ್ರಿ ಇಂಜಿನಿಯರ?"

"ಹೌದ್ರಿ," ಅಂದೆ, "ಇದು ಒದಿಯೂದಿಲ್ಲ." ಆ ಹೊತ್ತಿಗೆ ಡ್ರೈವರ್ ತಾನಾಗಿಯೇ ಇಕ್ಕಟ್ಟಿನ ಓಣಿಗೆ ಹೊಂದಿಕೊಂಡು ನಾಲ್ಕೂ ಪರದೆ ಬೆಳಗಿದವು. ಸಭೆ ಚಪ್ಪಾಳೆ ತಟ್ಟಿತು. ಸೆಕ್ರೆಟರಿಯವರು ಬೆವರು ಒರೆಸಿಕೊಳ್ಳುತ್ತ ನನ್ನ ಕಿವಿಯಲ್ಲಿ ಅಂದರು: "ಸಂಜಿಗೆ ನಿಮ್ಮ ಅವ್ವಾರನ್ನ ಕರಕೊಂಡು ಮನಿಗೆ ಬರ್ರಿ."

ಕೊನೆಯ ಪರೀಕ್ಷೆ

ಸಂಜೆ ಅವರ ಪಡಸಾಲೆಯಲ್ಲಿ ನಮ್ಮ ಅವ್ವ, ಸೆಕ್ರೆಟರಿ ದಂಪತಿ, ನಾನು. ಹುರುಪಿನಲ್ಲಿ ನನ್ನ ಪರೀಕ್ಷೆಯ ವಿದ್ಯೆಯನ್ನೆಲ್ಲ ಬಿಚ್ಚಿ ಹೇಳಿದೆ: ಬಾಯಿಮಾತು ನಂಬಬಾರದು, ಎರಡು ಒಪ್ಪಿಸಬೇಕು, ಎಷ್ಟು ವಾಪಸ್ ಬಂತು ನೋಡಬೇಕು. ಅವಳು ತಲೆ ಬಗ್ಗಿಸಿ ಕೇಳುತ್ತಿದ್ದಳು. ಸೆಕ್ರೆಟರಿಯವರು, "ಹುಡುಗನ್ನ ಏನರ ಕೇಳೂದಿದ್ರ ಕೇಳವಾ" ಅಂದರು.

ಅವಳು ಮೆಲ್ಲಗೆ ಅಂದಳು: "ಕೇಳೂದೇನಿಲ್ಲ. ಅಲ್ಲೆ ಒಳಗ ಕಟ್ಟಿ ಮ್ಯಾಲ ನೀರಿನ ತಂಬಿಗಿ, ಎಲಿ ತಾಟು ಅದಾವು. ಸ್ವಲ್ಪ ತರ್ತೀರೇನ್ರಿ?"

ಅವಳು ನನ್ನ ಜೊತೆ ಆಡಿದ ಮೊದಲ ಮಾತು! ಕಾಲು ನೆಲಕ್ಕೆ ಹತ್ತಲಿಲ್ಲ. ಒಳಗೆ ಹೋದೆ, ತಂದು ಅವಳ ಮುಂದೆ ಇಟ್ಟೆ. ನೋಡುತ್ತೇನೆ, ತಂಬಿಗೆ ಮಾತ್ರ ಇದೆ.

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಅಪ್ಪಾ, ಇದೂ ಹಳೇ ಪೀಳಿಗೀದ" ಅಂದಳು.

ನಮ್ಮ ಅವ್ವನೇ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ತಂಬಿಗೆಯೊಳಗೆ ಮುಳುಗಲು ಜಾಗವಿದೆಯೇ ನೋಡುತ್ತಿದ್ದೆ. ಸೆಕ್ರೆಟರಿಯವರು ಕಣ್ಣೊರೆಸಿಕೊಂಡು ಕೇಳಿದರು: "ಹಂಗಾರ ವಾಪಸ್ ಕಳಸೂಣೇನವಾ?"

"ಬ್ಯಾಡಪಾ," ಅಂದಳು, "ಒಂದೊಂದ ಹೇಳಿ ಕೆಲಸಾ ತಗೊಂಡ್ರಾತು. ಒದಿಯೂದಿಲ್ಲಂತ ಅವ್ರ ಹೇಳ್ಯಾರಲ್ಲ."

ಅವತ್ತಿನಿಂದ ಇವತ್ತಿನವರೆಗೆ ನಮ್ಮ ಮನೆ ಹಾಗೇ ನಡೆದಿದೆ. ಸಂತೆಗೆ ಕೊತ್ತಂಬರಿಗೆ ಒಮ್ಮೆ ಹೋಗುತ್ತೇನೆ, ಮೆಣಸಿನಕಾಯಿಗೆ ಇನ್ನೊಮ್ಮೆ. ಮೊನ್ನೆ ಮರೆತು ಎರಡೂ ಕೂಡಿಸಿ ಹೇಳಿದಳು. ನನಗೇನಾಗಿತ್ತೋ, ಎರಡೂ ತಂದು ಮುಂದಿಟ್ಟೆ.

ಆಕೆ ಚೀಲ ನೋಡಿದಳು, ನನ್ನನ್ನು ನೋಡಿದಳು, ಗಾಬರಿಯಿಂದ ಎದ್ದು ಬಂದು ಹಣೆ ಮುಟ್ಟಿ ನೋಡಿದಳು. "ಆರಾಮ ಅದೀರಿಲ್ಲೋ?"