ಮಾತಾಡದ ಗಣಕಯಂತ್ರದಿಂದ ಮಾಹಿತಿ ಪಡೆಯುವ ಕ್ರಮ

ಸಂಖ್ಯೆ: ಗಯಂ/ಮೌನ/೧೭/೧೯೭೭-೭೮
ವಿಜಾಪುರ, ದಿನಾಂಕ ೨೧ನೇ ನವೆಂಬರ್ ೧೯೭೭

ವಿಷಯ: ಚಾಲನಾ ಟೇಪು ಇಲ್ಲದೆ ಬಂದಿರುವ ಗಣಕಯಂತ್ರದ ಅಂಗಾಂಗಗಳ ವಿವರವನ್ನು, ಯಂತ್ರವನ್ನು ಕೇಳದೆಯೇ, ಸಂಗ್ರಹಿಸುವ ಬಗ್ಗೆ.

ಉಲ್ಲೇಖ: (೧) ಮೇಲಿನ ಕಚೇರಿಯ ಒಂಬತ್ತು ಅಂಕಣಗಳ ನಮೂನೆ. (೨) ಅದರ ಜ್ಞಾಪನ. (೩) ಆ ಜ್ಞಾಪನದ ಜ್ಞಾಪನ.

ಕಳೆದ ಸೆಪ್ಟೆಂಬರಿನಲ್ಲಿ ಈ ಕಚೇರಿಗೆ ಒಂದು ಗಣಕಯಂತ್ರ ಬಂದಿತು. ಅದನ್ನು ನಡೆಸುವ ಟೇಪು ಮಾತ್ರ ಬರಲಿಲ್ಲ. ಟೇಪು ಇದ್ದಿದ್ದರೆ ಯಂತ್ರವು ತನ್ನ ವಿವರವನ್ನು ತಾನೇ ಅಚ್ಚು ಹಾಕಿ ಕೊಡುತ್ತಿತ್ತಂತೆ. ಈಗ ಅದು ಬೀರುವಿನ ಹಾಗೆ ನಿಂತಿದೆ. ನಮೂನೆಯ ಒಂದು ಅಂಕಣ ಖಾಲಿ ಉಳಿದರೂ ನವೆಂಬರ್ ಮೂವತ್ತರ ನಂತರ ಯಂತ್ರವನ್ನು ಬೇರೆ ಜಿಲ್ಲೆಗೆ ಸಾಗಿಸಲಾಗುವುದೆಂದು ತಿಳಿಸಲಾಗಿದೆ. ಯಂತ್ರ ಹೋದರೆ, ಅದರ ಧೂಳು ಒರೆಸಲೆಂದು ನೇಮಕವಾದ ಶ್ರೀಮತಿ ಆಶಾಬಿ ಇವರ ಹಂಗಾಮಿ ಹುದ್ದೆಯೂ ಹೋಗುವುದು. ಇವರ ಯಜಮಾನರಾದ ಬಬಲೇಶ್ವರದ ನೇಕಾರ ಮಶಾಕಸಾಬ ಇವರು ಹೋದ ವರ್ಷ ತೀರಿಕೊಂಡಿದ್ದು, ಮನೆಯಲ್ಲಿ ದುಡಿಯುವ ಕೈ ಈಗ ಇವರದೊಂದೇ. ಆದ್ದರಿಂದ ಎಲ್ಲ ನೌಕರರ ಗಮನಕ್ಕೆ ಕೆಳಕಂಡ ಕಲಮುಗಳನ್ನು ತರಲಾಗಿದೆ.

೧. ಯಂತ್ರದ ಗುಂಡಿಗಳನ್ನು ಒತ್ತತಕ್ಕದ್ದಲ್ಲ. ಒತ್ತಿದವರು ಏನೂ ಆಗಲಿಲ್ಲವೆಂದು ಬರೆದುಕೊಡತಕ್ಕದ್ದು.

೨. ತೂಕ: ಯಂತ್ರವನ್ನು ಲಾರಿಯಲ್ಲಿ ತಿಕೋಟಾಕ್ಕೆ ಒಯ್ದು ದ್ರಾಕ್ಷಿ ವ್ಯಾಪಾರಿಯೊಬ್ಬರ ತಕ್ಕಡಿಯಲ್ಲಿ ತೂಗಲಾಯಿತು. ಬೀಳದಂತೆ ಅದನ್ನು ಅಪ್ಪಿಕೊಂಡು ಕುಳಿತಿದ್ದ ಸಿಪಾಯಿ ಶಂಕ್ರೆಪ್ಪ ಇವರ ತೂಕವನ್ನು ಕಳೆಯತಕ್ಕದ್ದು. “ಅವತ್ತ ನಾಕ ರೊಟ್ಟಿ ಹೆಚ್ಚಿಗಿ ತಿಂದಿದ್ನಿರಿ, ಅವನ್ನೂ ಕಳೀರಿ, ಇಲ್ಲಂದ್ರ ಯಂತ್ರಕ್ಕ ಅನ್ಯಾಯ ಆಕ್ಕತಿ” ಎಂಬ ಅವರ ಮನವಿಯನ್ನು ಪುರಸ್ಕರಿಸಿ, ರೊಟ್ಟಿಗಳ ತೂಕಕ್ಕಾಗಿ ಅವರ ಮನೆಗೆ ಪತ್ರ ಬರೆದು ಉತ್ತರ ಪಡೆಯಲಾಗಿದೆ.

೩. ಯಂತ್ರದ ಕ್ರಮಾಂಕ: ಮಹಾನವಮಿಯ ಖಂಡೆ ಪೂಜೆಯ ದಿನ ಕ್ರಮಾಂಕದ ಫಲಕದ ಮೇಲೆಯೇ ವಿಭೂತಿ, ಕುಂಕುಮ ಧಾರಾಳವಾಗಿ ಹಚ್ಚಿದ್ದರಿಂದ ಅಂಕಿಗಳು ಕಾಣುತ್ತಿಲ್ಲ. ಹಚ್ಚಿದ್ದನ್ನು ಕೆರೆಯಲು ಹೆಡ್ ಕ್ಲಾರ್ಕ ಬಸಲಿಂಗಯ್ಯ ಇವರು ಒಪ್ಪಿರುವುದಿಲ್ಲ. ಅಂಕಿಗಳು ಉಬ್ಬಿರುವುದರಿಂದ ಅವನ್ನು ಬೆರಳಿನಿಂದ ಸವರಿ ಓದತಕ್ಕದ್ದು. ಓದುವ ಮೊದಲು ಚಪ್ಪಲಿ ಬಿಟ್ಟು ಕೈ ತೊಳೆಯತಕ್ಕದ್ದು. ಮೂರೋ ಎಂಟೋ ಎಂಬ ಸಂಶಯ ಬಂದಲ್ಲಿ ಕೈ ಎತ್ತಿಸಿ ಬಹುಮತದಿಂದ ತೀರ್ಮಾನಿಸತಕ್ಕದ್ದು.

೪. ನೆನಪಿನ ಅಳತೆ: ಯಂತ್ರವು ನೆನಪಿಟ್ಟುಕೊಳ್ಳುವುದು ಸಾಸಿವೆಗಿಂತ ಸಣ್ಣ ಬಳೆಗಳಲ್ಲಿ. ಅವನ್ನು ತಂತಿಯಲ್ಲಿ ಪೋಣಿಸಿ ಹಲಗೆಗಳಿಗೆ ಬಿಗಿದಿದ್ದಾರೆ. ಒಂದು ಹಲಗೆಯ ಬಳೆಗಳನ್ನು ಮೂವರು ಗುಮಾಸ್ತರು ಮೂರು ದಿನ ಎಣಿಸಲಾಗಿ, ಒಬ್ಬರಿಗೆ ೪,೦೧೧, ಇನ್ನೊಬ್ಬರಿಗೆ ೪,೧೩೦ ಬಂದವು. ಮೂರನೆಯವರಾದ ಅಬ್ದುಲಗನಿ ಇವರು “ಭಾಳ ಅದಾವ್ರಿ” ಎಂದು ವರದಿ ಸಲ್ಲಿಸಿದರು. ಇನ್ನು ಮುಂದೆ ಎಣಿಸುವಾಗ ಸೀನತಕ್ಕದ್ದಲ್ಲ. ಚಹಾ ಬಂದಲ್ಲಿ, ಮುಟ್ಟಿದ ಬಳೆಯ ಮೇಲೆ ಬೆರಳಿಟ್ಟುಕೊಂಡೇ ಎಡಗೈಯಿಂದ ಕುಡಿಯತಕ್ಕದ್ದು.

೫. ಈ ಹಂತದಲ್ಲಿ ಧೂಳು ಒರೆಸುತ್ತಿದ್ದ ಆಶಾಬಿ ಇವರು ಕೈಯಲ್ಲಿನ ಬಟ್ಟೆ ಬದಿಗಿಟ್ಟು, “ಯಪ್ಪಾ, ಒಂದೊಂದ ಯಾಕ ಎಣಸ್ತೀರಿ? ಇದು ನೇಯ್ದಂಗ ಐತಲ್ರಿ. ಅಡ್ಡ ಒಂದ ಸಾಲ ಎಣಸ್ರಿ, ಉದ್ದ ಒಂದ ಸಾಲ ಎಣಸ್ರಿ. ನಮ್ಮ ಮನಿಯವ್ರು ಸೀರಿ ಎಳಿ ಹಿಂಗ ಎಣಸ್ತಿದ್ರು” ಎಂದರು. ಇದು ಕಡತಕ್ಕೆ ಬಂದಿರುವ ಮೊದಲ ಉಪಯುಕ್ತ ಟಿಪ್ಪಣಿಯಾಗಿದೆ. ಆಶಾಬಿ ಇವರು ಬಿಸ್ಮಿಲ್ಲಾ ಎಂದು, ಬಸಲಿಂಗಯ್ಯನವರು ಶಿವಶಿವಾ ಎಂದು ಆರಂಭಿಸಿದರು. ಅಡ್ಡ ಅರವತ್ತನಾಲ್ಕು, ಉದ್ದ ಅರವತ್ತನಾಲ್ಕು. ಗುಣಿಸಲಾಗಿ ಹಲಗೆಗೆ ೪,೦೯೬. ಇಂಥ ಹಲಗೆ ಹನ್ನೆರಡು. ಎರಡೂ ಆರಂಭಗಳಿಂದ ಉತ್ತರ ಒಂದೇ ಬಂದಿದ್ದರಿಂದ ಮರುಎಣಿಕೆ ಅನವಶ್ಯಕ.

೬. ಏಳನೆಯ ಹಲಗೆಯಲ್ಲಿ ಒಂದು ಎಳೆ ಕಡಿದಿರುವುದನ್ನೂ ಸದರಿ ಆಶಾಬಿ ಇವರೇ ತೋರಿಸಿಕೊಟ್ಟರು. ಕನ್ನಡಕ ಹಾಕಿಕೊಳ್ಳುವ ಆರು ಮಂದಿ ಅದನ್ನು ನೋಡಿ, ಕಾಣಿಸಿತೆಂದು ಸಹಿ ಮಾಡಿದ್ದಾರೆ. ಇಬ್ಬರಿಗೆ ನಿಜವಾಗಿಯೂ ಕಾಣಿಸಿತು.

೭. ಒಂಬತ್ತನೆಯ ಅಂಕಣ, ಮಾಹಿತಿ ಕೊಟ್ಟವರ ಹೆಸರು: ಆಶಾಬಿ ಇವರ ಹೆಸರು ಬರೆಯಲು ಹೋದಾಗ ಇವರು, “ನನ್ನ ಹೆಸರ ಬ್ಯಾಡ್ರಿ. ಎಣಸೂದ ಕಲಿಸಿದವ್ರು ಅವ್ರು. ಅವ್ರ ಹೆಸರ ಬರೀರಿ” ಎಂದರು. ತೀರಿಹೋದವರು ಸರಕಾರಕ್ಕೆ ಮಾಹಿತಿ ಕೊಡಬಹುದೇ ಎಂಬ ಪ್ರಶ್ನೆಯನ್ನು ಎರಡು ದಿನ ಪರಿಶೀಲಿಸಲಾಯಿತು. ಮಾತಾಡದಿರುವುದು ಮಾಹಿತಿ ಕೊಡಲು ಅನರ್ಹತೆಯಲ್ಲವೆಂಬುದು ಯಂತ್ರದ ವಿಷಯದಲ್ಲಿ ಈಗಾಗಲೇ ಸಿದ್ಧವಾಗಿದೆ. ಆದ್ದರಿಂದ ‘ದಿವಂಗತ ಮಶಾಕಸಾಬ, ನೇಕಾರರು’ ಎಂದು ದುಂಡಗಿನ ಅಕ್ಷರದಲ್ಲಿ ಬರೆಯಲಾಗಿದೆ.

೮. ಒಂಬತ್ತೂ ಅಂಕಣಗಳು ತುಂಬಿದ್ದರಿಂದ ಯಂತ್ರವು ಇಲ್ಲಿಯೇ ಉಳಿಯುವುದು. ಟೇಪು ಬರುವವರೆಗೆ ಆಶಾಬಿ ಇವರನ್ನು ಮುಂದುವರಿಸಲಾಗಿದೆ. ಟೇಪು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲವಾದ್ದರಿಂದ ಹುದ್ದೆಯನ್ನು ಕಾಯಂ ಎಂದು ಭಾವಿಸಲು ಅಡ್ಡಿಯಿಲ್ಲ. ಟೇಪನ್ನು ಹುಡುಕಿಕೊಂಡು ಯಾರೂ ಹೋಗತಕ್ಕದ್ದಲ್ಲ.

(ಸಹಿ)
ಕಚೇರಿಯ ಮುಖ್ಯಸ್ಥರು
(ಮುಖ್ಯಸ್ಥರು ರಜೆಯ ಮೇಲಿರುವುದರಿಂದ, ಅವರ ಪರವಾಗಿ, ಬಸಲಿಂಗಯ್ಯ)

ಪ್ರತಿಗಳು:
೧. ತಿಕೋಟಾ ಶಾಖೆಗೆ, ತಕ್ಕಡಿಯವರಿಗೆ ವಂದನೆ ತಿಳಿಸುವ ಸೂಚನೆಯೊಂದಿಗೆ.
೨. ಬಬಲೇಶ್ವರ ಶಾಖೆಗೆ. ತಮಗೆ ಯಂತ್ರ ಬಂದಿಲ್ಲವೆಂದು ಬೇಸರಪಡಬಾರದು.
೩. ಗಣಕಯಂತ್ರಕ್ಕೆ. ಹೊದಿಕೆಯ ಕೆಳಗೆ ಇಡುವುದು.
೪. ಶ್ರೀಮತಿ ಆಶಾಬಿ ಇವರಿಗೆ. ಇವರಿಗೆ ಓದಲು ಬಾರದ್ದರಿಂದ ಶಂಕ್ರೆಪ್ಪ ಇವರು ಗಟ್ಟಿಯಾಗಿ ಓದಿ ಹೇಳುವುದು. ಎಲ್ಲ ಕಲಮುಗಳನ್ನು ಒಂದು ಸಲ, ಏಳನೆಯದನ್ನು ಅವರು ಸಾಕೆನ್ನುವವರೆಗೆ.